ಬೂದಪ್ಪನೋ ಬಣ್ಣಕ್ಕನೋ

ಫೋನು ಮಾಡಿದಾಗ "ದಯವಿಟ್ಟು ಕಾಯಿರಿ" ಎಂದು ಹೇಳಿ, ಕಿವಿಗೊಂದು ಸಂಗೀತ ಹಚ್ಚಿ ಹೋಗಿಬಿಡುತ್ತಾರಲ್ಲ, ಆ ಸಂಗೀತವನ್ನೂ ಯಾರೋ ಒಬ್ಬರು ಕೂತು, ತಲೆ ಕೆಡಿಸಿಕೊಂಡು ಮಾಡಿರುತ್ತಾರೆ. ಆ ಯೋಚನೆ ಯಾರಿಗೂ ಬರುವುದಿಲ್ಲ. ಕಾಯುವವರಿಗೆ ಬೈಯುವುದರಲ್ಲೇ ಹೊತ್ತು ಹೋಗುತ್ತದೆ. ಹೀಗೆ ಬೈಸಿಕೊಳ್ಳುವ ಸಂಗೀತ ಮಾಡುತ್ತಲೇ ತಲೆ ನರೆಸಿಕೊಂಡವರು ನಮ್ಮ ಮೇಷ್ಟ್ರು. ಲಿಫ್ಟಿನೊಳಗೆ ಕೇಳುವುದು, ಅಂಗಡಿಯ ಜಾಹೀರಾತಿನ ಹಿಂದೆ ಬರುವುದು, ನೃತ್ಯ ಶಾಲೆಯವರು ಅಭ್ಯಾಸಕ್ಕೆ ಹಾಕಿಕೊಳ್ಳುವುದು, ಎಲ್ಲವೂ ಅವರ ಕೈಯಿಂದ ಬಂದಿದ್ದವು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಯಾರೇ ನುಡಿಸಲಿ, ಪಕ್ಕದಲ್ಲಿ ನಿಂತು ತಪ್ಪು ಹುಡುಕುವ ಚಾಳಿ ಚಿಕ್ಕಂದಿನಿಂದಲೂ ಇತ್ತು, ಅದಕ್ಕೇ ಆ ಹೆಸರು ಅಂಟಿಕೊಂಡಿತು.

ಸ್ಟುಡಿಯೋ ಅವರಪ್ಪ ಕಟ್ಟಿದ್ದು. ಟೈರಿಗೆ ಗಾಳಿ ತುಂಬುವ ಅಂಗಡಿಯೊಂದರ ಮೇಲೆ ಮೂರು ಕೋಣೆ. ಗೋಡೆಗೆಲ್ಲ ಹಳೆಯ ಜಮಖಾನೆ ಬಡಿದಿದ್ದರೂ ಕೆಳಗಿನ ಯಂತ್ರ ಧಡಧಡ ಎಂದರೆ ಮೈಕಿನೊಳಕ್ಕೆ ನುಗ್ಗಿಯೇ ನುಗ್ಗುತ್ತಿತ್ತು. ಹಾಗಾಗಿ ಈ ಮನೆಯವರಿಗೆ ಮಿಡಿ ಎನ್ನುವುದು ಒಂದು ವರ. ಮಿಡಿಯಲ್ಲಿ ಸದ್ದೇ ದಾಖಲಾಗುವುದಿಲ್ಲ. ಯಾವ ಕೀಲಿ ಒತ್ತಿದೆ, ಎಷ್ಟು ಜೋರಾಗಿ, ಎಷ್ಟು ಹೊತ್ತು, ಇಷ್ಟೇ ಅದರ ಲೆಕ್ಕ. ಅಡುಗೆಯಲ್ಲ, ಅಡುಗೆ ಮಾಡುವ ಬಗೆ. ಆಮೇಲೆ ಅದನ್ನು ಪಿಯಾನೋದಲ್ಲಿ ಬೇಯಿಸುತ್ತೀರೋ ಕೊಳಲಿನಲ್ಲೋ, ಅದು ನಿಮ್ಮ ಸಾಫ್ಟ್‌ವೇರಿಗೆ ಬಿಟ್ಟದ್ದು.

ಮೇಷ್ಟ್ರ ಸಾಫ್ಟ್‌ವೇರು ತೀರಾ ಹಳೆಯದು. ತೆರೆದರೆ ಪರದೆ ತುಂಬ ಬೂದು ಬಣ್ಣ, ಅದರ ಮೇಲೆ ಇರುವೆ ಸಾಲಿನಂತೆ ಅಂಕಿಗಳು. ಒಂದೊಂದು ಸ್ವರಕ್ಕೂ ಒಂದೊಂದು ಸಾಲು. ಮೇಷ್ಟ್ರಿಗೆ ಆ ಅಂಕಿ ನೋಡಿದರೇ ರಾಗ ಕೇಳುತ್ತಿತ್ತು. ಅವರ ತಂಗಿ ಪುಟ್ಟಿ ಬಳಸುತ್ತಿದ್ದದ್ದು ಹೊಸದು, ಅದರಲ್ಲಿ ಸ್ವರಗಳೆಲ್ಲ ಬಣ್ಣ ಬಣ್ಣದ ಪಟ್ಟಿಗಳು, ಬೆರಳಲ್ಲಿ ಹಿಡಿದು ಎಳೆದರೆ ಉದ್ದವಾಗುತ್ತವೆ, ತಳ್ಳಿದರೆ ಸರಿಯುತ್ತವೆ. ಅವರಪ್ಪ ಇವೆರಡಕ್ಕೂ ಹೆಸರಿಟ್ಟುಬಿಟ್ಟಿದ್ದರು: ಒಂದು ಬೂದಪ್ಪ, ಇನ್ನೊಂದು ಬಣ್ಣಕ್ಕ.

ಪುಟ್ಟಿಗೆ ಮೂವತ್ತು ದಾಟಿದ್ದರೂ ಮನೆಯಲ್ಲೂ ಸ್ಟುಡಿಯೋದಲ್ಲೂ ಅವಳು ಪುಟ್ಟಿಯೇ. ಮೊದಲು ಬರೀ ಫೋನು ಎತ್ತಿಕೊಂಡು ಗಿರಾಕಿಗಳ ಜೊತೆ ಮಾತಾಡಿಕೊಂಡಿದ್ದಳು. ಆಮೇಲೆ ಮೂಲೆಯ ಸಣ್ಣ ಕೋಣೆಯಲ್ಲಿ ಬಣ್ಣಕ್ಕನನ್ನು ತಂದಿಟ್ಟುಕೊಂಡು, ಅಣ್ಣ ನುಡಿಸಿದ್ದರಲ್ಲಿ ಅಲ್ಲೊಂದು ಇಲ್ಲೊಂದು ಸ್ವರ ತಿದ್ದಲು ಕೂತಳು. ಆಮೇಲೆ ಅಲ್ಲೇ ತಾನೂ ನುಡಿಸತೊಡಗಿದಳು. ಮೇಷ್ಟ್ರು ಮೂಗು ಮುರಿದರು. "ಆಟದ ಸಾಮಾನು ಇಟ್ಕೊಂಡು ಆಡ್ಕೊಳ್ಲಿ ಬಿಡಿ" ಎಂದರು. ಪುಟ್ಟಿ ಆಡಿಕೊಂಡಳು. ಆಡಿಕೊಂಡು ಒಬ್ಬ ಹಲ್ಲಿನ ಡಾಕ್ಟರಿಗೆ ಕಾಯುವ ಸಂಗೀತ ಮಾಡಿಕೊಟ್ಟಳು.

ಮೇಷ್ಟ್ರ ಹೊಟ್ಟೆಗೆ ಬೆಂಕಿ ಬಿದ್ದದ್ದು ಅಲ್ಲಿಂದ. ಆ ಡಾಕ್ಟರು ಒಂದು ದಿನ ಸ್ಟುಡಿಯೋಗೇ ಬಂದು, ಮೇಷ್ಟ್ರ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು, "ಸ್ವಾಮಿ, ದೊಡ್ಡ ಫಜೀತಿ ಆಗಿದೆ. ನಮ್ಮ ಕ್ಲಿನಿಕ್ಕಿನ ಹುಡುಗಿ ಮತ್ತೆ ಫೋನು ಎತ್ತಿದ್ರೆ ಪೇಷೆಂಟುಗಳು 'ಸ್ವಲ್ಪ ತಾಳಮ್ಮ, ಆ ಹಾಡು ಮುಗೀಲಿ' ಅಂತಾರೆ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರೂ ನಕ್ಕರು. ನಗದೆ ವಿಧಿಯಿರಲಿಲ್ಲ. ಡಾಕ್ಟರು ಮೆಟ್ಟಿಲಿಳಿದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು, ಆ ಕ್ಲಿನಿಕ್ಕಿಗೆ ತಾವೇ ಫೋನು ಮಾಡಿದರು. ಹಲ್ಲುನೋವು ಎಂದು ಸುಳ್ಳು ಹೇಳಿ ಕಾದರು. ಕೇಳಿದರು. ಆ ಹುಡುಗಿ ಮತ್ತೆ ಬಂದು "ಹೇಳಿ ಸಾರ್" ಎಂದಾಗ, ಇನ್ನೂ ಸ್ವಲ್ಪ ಹೊತ್ತು ಬಾರದಿದ್ದರೆ ಚೆನ್ನಾಗಿತ್ತು ಎಂದು ಅವರಿಗೂ ಅನ್ನಿಸಿಬಿಟ್ಟಿತ್ತು. ಆ ಅನ್ನಿಸಿದ್ದಕ್ಕೆ ಅವರು ತಂಗಿಯನ್ನು ಕ್ಷಮಿಸಲಿಲ್ಲ.

ಇಷ್ಟಾದರೂ ಮೇಷ್ಟ್ರು ತಮ್ಮ ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡಿದ್ದರು. ಅದು ಅವಳ ಕೈಯಲ್ಲ, ಸಾಫ್ಟ್‌ವೇರು. ಬಣ್ಣಕ್ಕನ ಪಿಯಾನೋ ಸದ್ದೇ ಜೇನು. ಬಣ್ಣಕ್ಕನಲ್ಲಿ ದಾಖಲೆಯ ಗುಂಡಿ ಒತ್ತಲು ಮರೆತರೂ ನುಡಿಸಿದ್ದು ಸಿಗುತ್ತದೆ, ಒಂದೇ ಸಾಲನ್ನು ಹತ್ತು ಸಲ ನುಡಿಸಿ ಚೆನ್ನಾಗಿ ಬಂದದ್ದನ್ನು ಆರಿಸಿಕೊಳ್ಳಬಹುದು. ಅಂಥದ್ದು ಇದ್ದರೆ ಯಾರು ಬೇಕಾದರೂ ನುಡಿಸುತ್ತಾರೆ. ಬೂದಪ್ಪನ ಜೊತೆ ಹೆಣಗಾಡಿ ನೋಡಲಿ, ಗೊತ್ತಾಗುತ್ತದೆ. ಹೀಗೆಂದು ಹೆಂಡತಿಗೂ ದಿನಾ ಹೇಳುತ್ತಿದ್ದರು. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸದಲ್ಲಿದ್ದವಳು, ಜನರ ದೃಷ್ಟಿದೋಷ ನೋಡಿ ನೋಡಿ ಪಳಗಿದವಳು.

"ರೀ, ಅಷ್ಟು ಚೆನ್ನಾಗಿದ್ರೆ ನೀವೂ ಅದನ್ನೇ ಹಾಕ್ಕೊಳ್ಳಿ" ಎಂದಳು ಒಂದು ದಿನ, ಬಟ್ಟೆ ಮಡಚುತ್ತಾ.

"ನಾನ್ಯಾಕೆ ಹಾಕ್ಕೊಳ್ಲಿ? ನನಗೆ ಅಂಥ ಊರುಗೋಲು ಬೇಡ."

"ಹಾಕ್ಕೊಂಡ ಮೇಲೂ ಅವಳ ಹಾಗೆ ಬರ್ಲಿಲ್ಲ ಅಂದ್ರೆ ಅನ್ನೋ ಭಯ. ಹೌದೋ ಇಲ್ವೋ?"

ಮೇಷ್ಟ್ರು ಆ ದಿನ ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಹೀಗಿರುವಾಗ ಒಂದು ಎಡವಟ್ಟು ನಡೆಯಿತು. ಪುಟ್ಟಿ ತನ್ನ ಕೋಣೆಯಲ್ಲಿ ಮಾಡಿದ ಒಂದು ಮೆಲ್ಲನೆಯ ಧಾಟಿಯ ಮಿಡಿ ಕಡತವನ್ನು ಗಿರಾಕಿಗೆ ಕೇಳಿಸಲು ದೊಡ್ಡ ಕೋಣೆಗೆ ಕಳಿಸಿದ್ದಳು. ಅಲ್ಲಿ ಬೂದಪ್ಪ ಅದನ್ನು ತೆರೆದ. ಸ್ವರಗಳೇನೋ ಬಂದವು, ಆದರೆ ಅವಕ್ಕೆ ಹಾಕಬೇಕಾದ ವಾದ್ಯಗಳನ್ನು ಬೂದಪ್ಪ ತನಗೆ ತೋಚಿದಂತೆ ಹಾಕಿಬಿಟ್ಟ. ಮಗುವಿನ ಹಾಸಿಗೆ ಮಾರುವವರ ಜಾಹೀರಾತಿನಲ್ಲಿ ಕೊಳಲು ಬರಬೇಕಾದ ಕಡೆ ಕಹಳೆ ಮೊಳಗಿತು. ಗಿರಾಕಿ ಬೆಚ್ಚಿಬಿದ್ದು ಎದ್ದು ನಿಂತ. ಅಪ್ಪ ಅವತ್ತೇ ಇಬ್ಬರನ್ನೂ ಕರೆದು ಕೂರಿಸಿದರು.

"ಒಂದೇ ಮನೇಲಿ ಎರಡು ಒಲೆ ಉರಿಸಿದ್ದು ಸಾಕು. ಇನ್ಮೇಲೆ ಮೂರು ಕೋಣೆಗೂ ಒಂದೇ ಸಾಫ್ಟ್‌ವೇರು. ನನಗೂ ಸಾಕಾಗಿದೆ. ಯಾರದ್ದು ಇಟ್ಕೊಳ್ತೀವೋ ಅವರು ದೊಡ್ಡ ಕೋಣೇಲಿ ಕೂತ್ಕೊಳ್ಲಿ, ಎಲ್ಲಾ ನೋಡ್ಕೊಳ್ಲಿ. ಇನ್ನೊಬ್ಬರು ಅವರು ಹೇಳಿದ ಹಾಗೆ ಕೇಳ್ಕೊಂಡಿರ್ಲಿ." ಹಾಗೆಂದು ಮಗನ ಕಡೆ ತಿರುಗಿದರು. "ದೊಡ್ಡವನು ನೀನು. ಎರಡನ್ನೂ ಹೋಲಿಸಿ ನೋಡೋಕೆ ಏನೇನು ಬೇಕೋ ನೀನೇ ಏರ್ಪಾಡು ಮಾಡು. ಒಂದೇ ಕಂಪ್ಯೂಟರಲ್ಲಿ ಎರಡೂ ಹಾಕು. ನಾನೊಂದು ಧಾಟಿ ಗುನುಗ್ತೀನಿ, ಇಬ್ಬರೂ ಅವರವರದ್ದರಲ್ಲಿ ನುಡಿಸಿ, ತಿದ್ದಿ, ಕೇಳಿಸಿ."

ಪುಟ್ಟಿ ತಲೆಯಾಡಿಸಿದಳು. "ಅಣ್ಣ ಏನು ಮಾಡಿದ್ರೂ ಸರಿ ಇರುತ್ತೆ" ಎಂದಳು. ಅವಳ ಬಲಗೈ ಮಣಿಕಟ್ಟಿಗೆ ಆಗಿನ್ನೂ ಪಟ್ಟಿ ಇತ್ತು. ಸ್ಕೂಟರಿನಿಂದ ಬಿದ್ದು ಮೂಳೆ ಬಿರುಕು ಬಿಟ್ಟಿತ್ತು, ಪ್ಲಾಸ್ಟರು ಬಿಚ್ಚಿ ಹೆಚ್ಚು ದಿನವಾಗಿರಲಿಲ್ಲ.

ಕಂಪ್ಯೂಟರು ಸಜ್ಜುಗೊಳಿಸುವಾಗ ಮೇಷ್ಟ್ರು ಒಬ್ಬರೇ ಇದ್ದರು. ಮೊದಲಿಗೆ ನಿಯತ್ತಾಗಿಯೇ ಹೋಲಿಸಿ ನೋಡಿದರು. ಬೂದಪ್ಪನಲ್ಲಿ ಒಂದು ಸ್ವರವನ್ನು ಕೂದಲೆಳೆಯಷ್ಟು ಸರಿಸಬೇಕೆಂದರೆ ಅಂಕಿ ಬದಲಿಸಿದರಾಯಿತು, ಕರಾರುವಾಕ್ಕು. ಆದರೆ ಹತ್ತು ಸ್ವರ ಸರಿಸಬೇಕೆಂದರೆ ಹತ್ತು ಸಲ ಅದೇ ಗೋಳು. ಬಣ್ಣಕ್ಕನಲ್ಲಿ ಗುಂಪಾಗಿ ಹಿಡಿದು ಎಳೆದರೆ ಮುಗಿಯಿತು. ಸ್ವರ ಮುಂದುವರಿಯಲೆಂದು ಕಾಲಿನಿಂದ ಪೆಡಲು ಒತ್ತಿದ್ದು ಬಿಟ್ಟದ್ದು ಬೂದಪ್ಪನಲ್ಲಿ ಬರೀ ಅಂಕಿ, ಬಣ್ಣಕ್ಕನಲ್ಲಿ ಗುಡ್ಡದಂತೆ ಕಣ್ಣಿಗೇ ಕಾಣುತ್ತದೆ. ನೋಡುತ್ತಾ ಹೋದಂತೆ ಮೇಷ್ಟ್ರ ಮುಖ ಹುಳ್ಳಗಾಯಿತು. ನ್ಯಾಯವಾಗಿ ನೋಡಿದರೆ ಬಣ್ಣಕ್ಕನೇ ಗೆಲ್ಲಬೇಕು. ಬಣ್ಣಕ್ಕ ಗೆದ್ದರೆ ಅವರು ಇಷ್ಟು ವರ್ಷ ಕೂತ ಕುರ್ಚಿಯಲ್ಲಿ ಪುಟ್ಟಿ ಕೂರುತ್ತಾಳೆ, ತಾವು ಸಣ್ಣ ಕೋಣೆಗೆ ಹೋಗಿ ಬಣ್ಣದ ಪಟ್ಟಿ ಎಳೆಯುವುದನ್ನು ಅವಳಿಂದಲೇ ಕಲಿಯಬೇಕು.

ಬಣ್ಣಕ್ಕನ ಸೆಟ್ಟಿಂಗಿನಲ್ಲಿ ಒಂದು ಜಾಗವಿದೆ. ಕೀಲಿ ಒತ್ತಿದಾಗ ಕಂಪ್ಯೂಟರು ಸದ್ದನ್ನು ಒಂದಿಷ್ಟು ಕೂಡಿಟ್ಟುಕೊಂಡು ಆಮೇಲೆ ಹೊರಗೆ ಬಿಡುತ್ತದೆ, ಎಷ್ಟು ಕೂಡಿಡಬೇಕೆಂದು ಅಲ್ಲಿ ಹೇಳಬಹುದು. ಹೆಚ್ಚು ಕೂಡಿಡು ಎಂದರೆ ಸದ್ದು ತಡವಾಗಿ ಬರುತ್ತದೆ. ಮೇಷ್ಟ್ರು ಅದನ್ನು ಏರಿಸಿದರು. ತೀರಾ ಏರಿಸಿದರೆ ಯಾರಿಗಾದರೂ ಗೊತ್ತಾದೀತು. ನುಡಿಸಿ ನೋಡಿ, ಸ್ವಲ್ಪ ಇಳಿಸಿದರು. ಮತ್ತೆ ನುಡಿಸಿ ನೋಡಿದರು. ಯಂತ್ರ ಕೆಟ್ಟಿದೆ ಎನ್ನುವಷ್ಟಲ್ಲ, ಕೈ ಎಡವುತ್ತಿದೆ ಎನ್ನುವಷ್ಟು. ಅಳತೆ ಸರಿಯಾಗಿ ಕೂತಿತು. ಈ ಕೆಲಸವನ್ನು ಅವರು ಎಂದಿನ ಶ್ರದ್ಧೆಯಿಂದಲೇ ಮಾಡಿದರು ಎಂದು ಹೇಳದಿದ್ದರೆ ತಪ್ಪಾಗುತ್ತದೆ.

ಹೋಲಿಕೆಯ ದಿನ ಅಪ್ಪ ಸೋಫಾದಲ್ಲಿ ಕೂತು ಧಾಟಿ ಗುನುಗಿದರು. ಮೇಷ್ಟ್ರು ಮೊದಲು ನುಡಿಸಿದರು, ಬೂದಪ್ಪನಲ್ಲಿ. ಎಂದಿನಂತೆ ಅಚ್ಚುಕಟ್ಟು, ಎಂದಿನಂತೆ ಒಣಒಣ. ಆಮೇಲೆ ಪುಟ್ಟಿ ಕೂತಳು. ಬಣ್ಣಕ್ಕನನ್ನು ತೆರೆದಳು. ಪುಟ್ಟಿ ಶುರು ಮಾಡಿದಳು, ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು. ಸದ್ದು ಬೆರಳಿನ ಹಿಂದೆ ಬರುತ್ತಿತ್ತು, ಅದನ್ನು ಹಿಡಿಯಲು ಅವಳು ಬೆರಳು ಮುಂದೋಡಿಸಿದಳು, ಆಗ ತಾಳವೇ ಕೈತಪ್ಪಿತು.

"ಅಣ್ಣ, ಸದ್ದು ತಡವಾಗಿ ಬರ್ತಿದೆಯಾ? ನನಗೆ ಹಾಗನ್ನಿಸ್ತಿದೆ. ಒಂದು ಸಲ ನೀನು ನುಡಿಸಿ ನೋಡ್ತೀಯಾ?"

ಮೇಷ್ಟ್ರು ಬಂದು ಬಗ್ಗಿದರು. ಪಿಟೀಲುಗಳ ಗುಂಪಿನ ಸದ್ದು ಆರಿಸಿಕೊಂಡು, ನಿಧಾನವಾಗಿ ಎರಡು ದೊಡ್ಡ ಸ್ವರಗುಚ್ಛ ಒತ್ತಿದರು. ಅಂಥ ಸದ್ದು ಹುಟ್ಟುವುದೇ ಮೆಲ್ಲಮೆಲ್ಲಗೆ, ಅದರಲ್ಲಿ ತಡ ಎನ್ನುವುದು ಅಡಗಿ ಕೂರುತ್ತದೆ. ಈ ಕಸುಬಿನವರಿಗೆ ಮಾತ್ರ ಗೊತ್ತಿರುವ ಮೋಸ ಅದು.

"ಸರಿಯಾಗೇ ಇದೆಯಲ್ಲ ಪುಟ್ಟಿ. ನನಗೇನೂ ಗೊತ್ತಾಗ್ಲಿಲ್ಲ."

ಪುಟ್ಟಿ ಅಣ್ಣನ ಮುಖ ನೋಡಿದಳು. ಆಮೇಲೆ ತನ್ನ ಮಣಿಕಟ್ಟು ನೋಡಿಕೊಂಡಳು. ಮತ್ತೆ ಪಿಯಾನೋ ಸದ್ದು ಹಾಕಿಕೊಂಡು ನುಡಿಸಿದಳು, ಕುಂಟುತ್ತಾ. ತಿದ್ದಲು ಕೂತಳು. ಸ್ವರಗಳನ್ನೆಲ್ಲ ಒಟ್ಟಿಗೆ ಹತ್ತಿರದ ತಾಳದ ಗೆರೆಗೆ ಕೂರಿಸುವ ಗುಂಡಿ ಒತ್ತಿದರೆ, ಅವು ಎಷ್ಟು ದಿಕ್ಕಾಪಾಲಾಗಿದ್ದವೆಂದರೆ ಅರ್ಧಕ್ಕರ್ಧ ತಪ್ಪು ಗೆರೆಗೇ ಹೋಗಿ ಕೂತವು. ಅಪ್ಪ "ಏನಾಯ್ತಮ್ಮ ಇವತ್ತು?" ಎಂದು ಕೇಳಿದರು. ಅವಳು ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡು, "ಬೂದಪ್ಪನೇ ಇರ್ಲಿ ಅಪ್ಪ. ಅಣ್ಣನೇ ನೋಡ್ಕೊಳ್ಲಿ" ಎಂದು ಎದ್ದು ಹೋದಳು.

ಮೇಷ್ಟ್ರಿಗೆ ಸಂಕಟವಾಯಿತು ಎಂದುಕೊಳ್ಳಬೇಡಿ. ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. ಸೆಟ್ಟಿಂಗನ್ನು ಮೊದಲಿದ್ದಲ್ಲಿಗೆ ಇಳಿಸಿ, ಸಂಜೆ ಮನೆಗೆ ಹೋಗುವಾಗ ಹೆಂಡತಿಗೆ ಹೊಸ ಚಪ್ಪಲಿ ಕೊಂಡು ಹೋದರು. ಅವಳು ಚಪ್ಪಲಿಯನ್ನೂ ನೋಡಿದಳು, ಗಂಡನನ್ನೂ ನೋಡಿದಳು.

ಅಂದಿನಿಂದ ಪುಟ್ಟಿ ಕೀಬೋರ್ಡು ಮುಟ್ಟಲಿಲ್ಲ. ಸಣ್ಣ ಕೋಣೆಯಲ್ಲಿ ಅದಕ್ಕೆ ಬಟ್ಟೆ ಹೊದಿಸಿಟ್ಟಳು. ಮತ್ತೆ ಫೋನಿನ ಮುಂದೆ ಕೂತಳು. ಮೇಷ್ಟ್ರು ದೊಡ್ಡ ಕೋಣೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡು, ಎಲ್ಲರಿಗೂ ಕೇಳುವ ಹಾಗೆ ನುಡಿಸುತ್ತಿದ್ದರು. ಅವಳ ಕೋಣೆಯಿಂದ ಏನೂ ಕೇಳಿಬರದ ಆ ಮೌನ ಅವರಿಗೆ ಎಂಥ ಸುಖ ಕೊಡುತ್ತಿತ್ತೆಂದರೆ, ಆಗಾಗ ಅದನ್ನು ಕೇಳಲೆಂದೇ ನುಡಿಸುವುದು ನಿಲ್ಲಿಸುತ್ತಿದ್ದರು.

ಒಂದು ಮಧ್ಯಾಹ್ನ ಪುಟ್ಟಿ ದೊಡ್ಡ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಅಣ್ಣ, ನನಗೆ ಬೂದಪ್ಪ ಕಲಿಸ್ತೀಯಾ? ನುಡಿಸೋದಕ್ಕಲ್ಲ. ಅದು ಇನ್ನು ನನ್ನ ಕೈಲಾಗಲ್ಲ ಅಂತ ಕಾಣುತ್ತೆ. ನೀನು ನುಡಿಸು, ನಾನು ಮೊದಲಿನ ಹಾಗೆ ತಿದ್ದಿಕೊಡ್ತೀನಿ."

ಮೇಷ್ಟ್ರು ಕೇಳಬೇಕೆಂದಿದ್ದ ಮಾತು ಇದಕ್ಕಿಂತ ಇನ್ನೇನಿತ್ತು? ಉಬ್ಬಿಹೋದರು. ಕುರ್ಚಿ ಬಿಟ್ಟುಕೊಟ್ಟು, ಪಕ್ಕದಲ್ಲಿ ನಿಂತು, ತಮ್ಮ ಅಂಕಿಗಳ ಲೋಕವನ್ನು ಒಂದೊಂದಾಗಿ ವಿವರಿಸಿದರು. ಆದರೆ ತಿದ್ದುವುದನ್ನು ಕಲಿಸಬೇಕಾದರೆ ತಿದ್ದಲಿಕ್ಕೆ ಏನಾದರೂ ಬೇಕಲ್ಲ. ಯೋಚಿಸದೆ ಹೇಳಿಬಿಟ್ಟರು: "ಏನಾದ್ರೂ ನಾಲ್ಕು ಸ್ವರ ಒತ್ತು. ದಾಖಲೆ ಆಗೋದು ಹೇಗೆ ಅಂತ ತೋರಿಸ್ತೀನಿ."

ಪುಟ್ಟಿ ಹಿಂಜರಿದಳು. ಒಂದು ಬೆರಳಿಂದ ಒಂದು ಕೀಲಿ ಒತ್ತಿದಳು. ಸದ್ದು ಬೆರಳ ಬುಡದಲ್ಲೇ ಬಂತು. ಇನ್ನೊಂದು ಒತ್ತಿದಳು. ಅವಳ ಹುಬ್ಬು ಮೇಲೇರಿತು. ಎರಡೂ ಕೈ ಇಟ್ಟಳು. ಅಪ್ಪ ಅವತ್ತು ಗುನುಗಿದ್ದ ಅದೇ ಧಾಟಿಯನ್ನು ಎತ್ತಿಕೊಂಡಳು.

ಬೂದಪ್ಪನ ಪಿಯಾನೋ ಸದ್ದು ತಗಡಿನ ಡಬ್ಬ. ಕೀಬೋರ್ಡು ಮೇಷ್ಟ್ರದ್ದೇ, ನಡುವಿನ ಒಂದು ಕೀಲಿ ಸ್ವಲ್ಪ ಗಟ್ಟಿ. ಹತ್ತು ಸಲ ನುಡಿಸಿ ಆರಿಸಿಕೊಳ್ಳುವ ಅನುಕೂಲವಿಲ್ಲ, ಬಣ್ಣವಿಲ್ಲ, ಜೇನಿಲ್ಲ. ಇದ್ದದ್ದು ಬರೀ ಸ್ವರ. ಅವಳು ಒಂದು ಕಡೆ ಧಾಟಿಯನ್ನು ಅರ್ಧಕ್ಕೆ ತಡೆದಳು, ಏನೋ ಹೇಳಲು ಹೋಗಿ ಮನಸ್ಸು ಬದಲಾಯಿಸಿದವರಂತೆ, ಆಮೇಲೆ ಬೇರೆ ದಾರಿಯಲ್ಲಿ ಅದೇ ಜಾಗಕ್ಕೆ ತಂದು ಮುಟ್ಟಿಸಿದಳು. ಆ ತಗಡು ಡಬ್ಬದಲ್ಲೂ ಅದು ಚೆನ್ನಾಗಿತ್ತು. ಡಾಕ್ಟರ ಫೋನಿನಲ್ಲಿ ಕೇಳಿದ್ದಕ್ಕಿಂತ ಚೆನ್ನಾಗಿತ್ತು.

ಪುಟ್ಟಿ ಕುರ್ಚಿಯಿಂದ ಹಾರಿ ಎದ್ದಳು. ಕಣ್ಣಲ್ಲಿ ನೀರು. "ಅಣ್ಣ! ನನ್ನ ಕೈ ಸರಿ ಇದೆ! ಕೈಗೇನೂ ಆಗಿಲ್ಲ! ಆ ಹಾಳು ಬಣ್ಣಕ್ಕನದ್ದೇ ದೋಷ. ನಾನು ಇಷ್ಟು ದಿನ ನಿದ್ದೆ ಮಾಡಿಲ್ಲ ಗೊತ್ತಾ? ನೀನು ಹೇಳ್ತಿದ್ದದ್ದೇ ಸರಿ, ನಿನ್ನ ಸಾಫ್ಟ್‌ವೇರೇ ಒಳ್ಳೇದು!"

ಗದ್ದಲ ಕೇಳಿ ಅಪ್ಪ ಬಾಗಿಲಿಗೆ ಬಂದಿದ್ದರು. ಪರದೆ ನೋಡಿದರು, ಮಗಳನ್ನು ನೋಡಿದರು. "ಇದು ಬೂದಪ್ಪನಾ? ಇಷ್ಟು ವರ್ಷ ಇವನ ಹೊಟ್ಟೇಲಿ ಇದೂ ಇತ್ತಾ?" ಎಂದು ಬೆರಗಾಗಿ ಕೇಳಿ, "ನೀವಿಬ್ಬರೂ ಇಲ್ಲೇ ಕೂತು ಮಾಡಿ, ಅದೇ ಸರಿ" ಎಂದು ಕೆಳಗೆ ಚಹಾಕ್ಕೆ ಹೋದರು.

ಇದ್ದ ಒಂದೇ ಒಂದು ಸಮಾಧಾನವನ್ನು ಮೇಷ್ಟ್ರು ತಮ್ಮ ಕೈಯಾರೆ ಕಿತ್ತುಹಾಕಿಕೊಂಡಿದ್ದರು. ಅವಳು ಬಣ್ಣಕ್ಕನ ಜೊತೆ ಸಣ್ಣ ಕೋಣೆಯಲ್ಲಿದ್ದಷ್ಟು ದಿನ, ಅದು ಸಾಫ್ಟ್‌ವೇರಿನ ಮಹಿಮೆ ಎನ್ನಬಹುದಿತ್ತು. ಈಗ ಅವಳು ಅವರ ಕುರ್ಚಿಯಲ್ಲಿ, ಅವರ ಕೀಬೋರ್ಡಿನಲ್ಲಿ, ಅವರ ಬೂದಪ್ಪನಲ್ಲಿ ನುಡಿಸಿದ್ದಳು. ಪರದೆಯ ಮೇಲೆ ಅವಳ ಸ್ವರಗಳು ಅಂಕಿಗಳಾಗಿ ನಿಂತಿದ್ದವು. ಮೇಷ್ಟ್ರು ಅವನ್ನು ಮೇಲಿಂದ ಕೆಳಗೆ ಓದಿದರು, ಏನಾದರೂ ಗುಟ್ಟು ಸಿಕ್ಕೀತೆಂದು. ಅವರಿಗೆ ಸಿಗದ ಕೀಲಿ ಒಂದೂ ಅದರಲ್ಲಿರಲಿಲ್ಲ. ಎಲ್ಲವೂ ಇಷ್ಟು ವರ್ಷ ಅವರ ಬೆರಳ ಕೆಳಗೇ ಇದ್ದವು.

"ಇವತ್ತೇ ನನ್ನ ಕಂಪ್ಯೂಟರಿಂದ ಬಣ್ಣಕ್ಕನನ್ನ ಕಿತ್ತುಹಾಕ್ತೀನಿ" ಎಂದಳು ಪುಟ್ಟಿ.

"ಬೇಡ" ಎಂದರು ಮೇಷ್ಟ್ರು. "ಬೇಡ ಪುಟ್ಟಿ. ನೀನು ಅದರಲ್ಲೇ ನುಡಿಸು. ನಿನ್ನ ಕೋಣೇಲೇ ಇರು. ಬಣ್ಣಕ್ಕನಲ್ಲಿ ಏನೂ ದೋಷ ಇಲ್ಲ. ಅವತ್ತು ಸದ್ದು ತಡವಾಗೋ ಹಾಗೆ ನಾನೇ ಇಟ್ಟಿದ್ದೆ."

ಅವರು ಒಳ್ಳೆಯತನಕ್ಕೆ ಹೇಳಿದ್ದಲ್ಲ. ಅವಳು ವಾಪಸು ಆ ಕೋಣೆಗೆ ಹೋಗಿಬಿಟ್ಟರೆ ಸಾಕು, ಬಣ್ಣಗಳನ್ನು ಅವಳ ಹೆಸರಿಗೇ ಬರೆದುಕೊಟ್ಟರೂ ಸರಿ, ತಮಗೆ ಹೇಳಿಕೊಳ್ಳಲು ಆ ಹಳೆಯ ಮಾತೊಂದು ಉಳಿಯಲಿ ಎಂದು ಹೇಳಿದ್ದು. ಹೊಟ್ಟೆಕಿಚ್ಚು ಮನುಷ್ಯನ ಬಾಯಲ್ಲಿ ಸತ್ಯವನ್ನೂ ಆಡಿಸುತ್ತದೆ.

ಪುಟ್ಟಿ ಕಣ್ಣೊರೆಸಿಕೊಳ್ಳುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

"ನಾನು ನಿನ್ನ ಕೇಳಿದೆ" ಎಂದಳು. "ತಡ ಆಗ್ತಿದೆಯಾ ನೋಡು ಅಂತ ಕೇಳಿದೆ. ನೀನು ಬಂದು, ನುಡಿಸಿ, ಇಲ್ಲ ಅಂದೆ. ನಾನು ನನ್ನ ಕೈಯನ್ನ ನಂಬಲಿಲ್ಲ, ನಿನ್ನ ಮಾತು ನಂಬಿದೆ."

ಕೆಳಗೆ ಗಾಳಿ ತುಂಬುವ ಯಂತ್ರ ಧಡಧಡ ಎಂದು ಶುರುವಾಗಿ, ನಿಂತಿತು. ಅವಳು ಕೂಗಾಡಿದ್ದರೆ ಅವರಿಗೆ ಹಗುರವಾಗುತ್ತಿತ್ತು. ಅವಳು ಕೂಗಾಡಲಿಲ್ಲ. ಬಾಗಿಲ ತನಕ ಹೋದಳು, ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತು ಅದನ್ನು ತನ್ನ ಎತ್ತರಕ್ಕೆ ಏರಿಸಿಕೊಂಡಳು.

"ನಿನ್ನ ಕೋಣೆಗೆ ಹೋಗಲ್ವಾ?" ಎಂದರು ಮೇಷ್ಟ್ರು.

"ಇಲ್ಲ. ನಾನು ಇದನ್ನೇ ಕಲೀತೀನಿ." ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಹೇಳಿ ಮೇಷ್ಟ್ರೇ. ಒಂದು ಸ್ವರ ಹಿಂದಕ್ಕೆ ಸರಿಸ್ಬೇಕಾದ್ರೆ ಯಾವ ಅಂಕಿ ಬದಲಿಸ್ಬೇಕು?"

ಮೇಷ್ಟ್ರು ನಿಂತುಕೊಂಡೇ ಹೇಳಿಕೊಟ್ಟರು. ಅವಳು ಕಲಿತಳು, ಬಹಳ ಬೇಗ.